ಮಗುವಿಗಾಗಿ ನೀನು ಬಿಟ್ಟ ಮೀನು

ಗುಲಾಬಿ, ದೋಷ ನಿನ್ನ ಅಪ್ಪನ ಮನೆಯ ನಾಗಬನದಲ್ಲಿ ಇರಲಿಲ್ಲ. ನನ್ನ ಮೈಯಲ್ಲಿತ್ತು. ಅದು ನನಗೆ ಗೊತ್ತಿತ್ತು.

ಮದುವೆಯಾಗಿ ಮೂರನೆಯ ವರ್ಷ — ನಾಲ್ಕೋ — 1999 ಇರಬೇಕು. ಕುಂದಾಪುರದಲ್ಲಾದರೆ ಗುರುತಿನವರು ಕಂಡಾರೆಂದು ಬ್ರಹ್ಮಾವರದ ಡಾಕ್ಟರರ ಹತ್ತಿರ ಹೋಗಿದ್ದೆ. ನಿನಗೆ ಏನು ನೆಪ ಹೇಳಿದ್ದೆನೋ, ಮರೆತಿದೆ. ಸಕ್ಕರೆ ಕಾಯಿಲೆ ಮದುವೆಗೆ ಮೊದಲೇ ಇತ್ತು, ಅದನ್ನೂ ಮುಚ್ಚಿಟ್ಟಿದ್ದೆ. ಪರೀಕ್ಷೆ ಮಾಡಿಸಿ ಅವರು ಹೇಳಿದರು: ವೀರ್ಯಾಣುಗಳು ತೀರಾ ಕಡಿಮೆ, ಇದ್ದವುಗಳಲ್ಲೂ ಚಲನೆಯಿಲ್ಲ, ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಹೀಗಾಗುವುದುಂಟು. “ಹಿಡಿತಕ್ಕೆ ತನ್ನಿ. ಸುಧಾರಿಸಬಹುದು. ಹೆಂಡತಿಯನ್ನೂ ಕರೆದುಕೊಂಡು ಬನ್ನಿ.”

ಕರೆದುಕೊಂಡು ಹೋಗಲಿಲ್ಲ. ಮಾತ್ರೆಯನ್ನೂ ನುಂಗಲಿಲ್ಲ — ಮಾತ್ರೆ ಕಂಡರೆ ನೀನು ಕೇಳುತ್ತಿದ್ದೆ. ಕೇಳಿದ್ದರೆ —

ಆಮೇಲೆ ನನ್ನ ಅಮ್ಮ ನಾಗದರ್ಶನದಲ್ಲಿ, ಮೈಮೇಲೆ ನಾಗ ಬರುವ ಪಾತ್ರಿಯನ್ನು ಕೇಳಿ ಬಂದು ನಿನಗೆ ಹೇಳಿದಳು. “ಹೆಣೆ, ನಿನ್ ಅಪ್ಪನ್ ಮನಿ ನಾಗನ್ ದೋಷ ಅಂಬ್ರ್.” ನಾನು ಅಲ್ಲೇ ಕೂತಿದ್ದೆ. ನಿನ್ನ ತವರು ಉಪ್ಪುಂದದಲ್ಲಿ ನಿನ್ನ ತಮ್ಮ ನಾಗಪ್ರತಿಷ್ಠೆ ಮಾಡಿಸಿದ. ನಾಗನ ಕಲ್ಲಿನೆದುರು ಕೈಮುಗಿದು ನೀನು ಹರಕೆ ಹೊತ್ತೆ: “ಮಗು ಆಪಲ್ಲಿವರಿಗೆ ನಾನ್ ಮೀನ್ ತಿಂತಿಲ್ಲೆ.” ದೋಣಿಯವರ ಮನೆಯಲ್ಲಿ ಹುಟ್ಟಿದವಳು!

“ಭಾವ, ನಮ್ಮಕ್ಕ ಕೋಟದ್ ಭಟ್ರಮ್ಮ ಆದ್ಲ್ ಮರಾಯ್ರೆ!” ಎಂದ ನಿನ್ನ ತಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಡುವಾಗ ಅವನು ನನ್ನ ಕೈ ಹಿಡಿದುಕೊಂಡ: “ನಮ್ ಮನಿಯಿಂದ ನಿಮ್ಗ್ ಹೀಂಗಾಯ್ತ್. ಬೇಜಾರ್ ಮಾಡ್ಕಣ್ಬೇಡಿ.”

“ಇರ್ಲಿ ಬಿಡ್ ಮಾರಾಯ” ಎಂದೆ — ಕ್ಷಮಿಸಿದವನ ಹಾಗೆ.

ಅಂದಿನಿಂದ ಬಂಗುಡೆ ಸಾರನ್ನು ನೀನು ರುಚಿ ನೋಡದೆಯೇ ಮಾಡಿದೆ. “ಹ್ವಾಯ್, ಉಪ್ಪ್ ಸಮಾ ಇತ್ತಾ ಕಾಣಿ.” ನಾನು ಉಂಡೆ. ಒಂದು ಮಧ್ಯಾಹ್ನ ಎಲ್ಲ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಯಾರೋ ಬಂದರು ಎಂದು ನೆನಪು. ಈ ನೆನಪನ್ನು ನಂಬಬೇಡ. ನನ್ನ ಅನುಕೂಲಕ್ಕೆ ನಾನೇ ಕಟ್ಟಿಕೊಂಡದ್ದಿರಬೇಕು.

ಈಗ ವಯಸ್ಸಾಗಿ ನಿನಗೆ ಮುಟ್ಟು ನಿಂತಿದೆ. ಮಗುವಿನ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇನ್ನಾದರೂ ಮೀನು ತಿನ್ನು ಎಂದು ಮೊನ್ನೆ ನಾನು ಹೇಳಿದ್ದಕ್ಕೆ, “ದೇವ್ರಿಗ್ ಕೊಟ್ಟ್ ಮಾತಲ್ದಾ” ಎಂದು ನೀನು ಎದ್ದುಹೋದೆ.

ಇಲ್ಲಿ ಬರೆದದ್ದನ್ನು ಮೊದಲು ನಿನಗೆ ಓದಿ ಹೇಳುತ್ತೇನೆ. ಭಾನುವಾರ ಉಪ್ಪುಂದದಲ್ಲಿ, ನಿನ್ನ ತಾಯಿ ಮತ್ತು ತಮ್ಮನ ಎದುರು, ಓದದೆ ಹೇಳುತ್ತೇನೆ. ಅಳುವುದಿಲ್ಲ, ಅತ್ತರೆ ನೀವೇ ನನ್ನನ್ನು ಸಮಾಧಾನಪಡಿಸಬೇಕಾಗುತ್ತದೆ. ನೀನು ಅಲ್ಲಿಯೇ ಉಳಿಯುತ್ತೇನೆಂದರೆ, ನಾನೊಬ್ಬನೇ ಮನೆಗೆ, ಹೆಮ್ಮಾಡಿಯ ಬಸ್ಸು ಹತ್ತುತ್ತೇನೆ.