ಬಳೆಯ ಮೇಲಿನ ಕರ್ಚೀಫು

ಕೊಳ್ಳೇಗಾಲದ ಸಮುದಾಯ ರೇಡಿಯೊದಲ್ಲಿ ನಾನು ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದಾಗ, ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ವಾರಕ್ಕೊಮ್ಮೆ ಕೇಳುಗರನ್ನು ನಗಿಸಲು ಬರುತ್ತಿದ್ದರು. ಮೈಕಿಗೆ ಬಳೆ ಸದ್ದು ಆಗದು; ಮುತ್ತೈದೆ ಬಳೆ ತೆಗೆಯುವಂತಿಲ್ಲ. ಹಾಗಾಗಿ ಎರಡೂ ಕೈಯ ಬಳೆಗಳ ಮೇಲೆ ಕರ್ಚೀಫು ಬಿಗಿದುಕೊಳ್ಳುತ್ತಿದ್ದರು. ಕರ್ಚೀಫು ಬಿಗಿದರೆ ನಾನು ರೆಕಾರ್ಡ್ ಒತ್ತಬೇಕು ಎಂದರ್ಥ.

“ನಡ್ದಿದ್ದೇ ಯೋಳ್ತೀನಿ ಕಣ್ರಿ, ಕಟ್ಟಿ ಯೋಳಕ್ಕೆ ನಂಗೆ ಬರಕಿಲ್ಲ” ಎಂದೇ ಶುರು. ನಡೆದದ್ದೆಲ್ಲ ಗಂಡನ ಫಜೀತಿಗಳೇ.

ಹನೂರಿಗೆ ಹೊರಟ ಗಂಡ ಯಳಂದೂರು ಬಸ್ಸು ಹತ್ತಿದ್ದನ್ನು ಒಂದು ವಾರ ಹೇಳಿದರು. ತಪ್ಪು ಒಪ್ಪಿಕೊಳ್ಳಲಾರದೆ, “ಇಲ್ಲೇ ಕೆಲ್ಸ ಇತ್ತು” ಎಂದು ಯಳಂದೂರಿನಲ್ಲಿ ಟೀ ಕುಡಿದು ವಾಪಸಾದರಂತೆ. ಅದು ರೇಡಿಯೊದಲ್ಲಿ ಬಂದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡ ಕಂಡಕ್ಟರುಗಳೆಲ್ಲ, “ಅಣ್ಣೋ, ಇದು ಹನೂರು ಬಸ್ಸು ಕಣಣ್ಣೋ!” ಎಂದು ಕೂಗತೊಡಗಿದರು.

ನನಗೆ ಪಾಪ ಅನ್ನಿಸಿತು. “ಅಕ್ಕಾ, ಈ ವಾರ ಯಜಮಾನರನ್ನ ಬಿಟ್ಬಿಡಿ” ಎಂದೆ. ಅವರು ಮಾರ್ಟಳ್ಳಿಯ ತಮ್ಮನ ಗೊರಕೆಯ ಕತೆ ಹೇಳಿ ಹೋದರು.

ಮುಂದಿನ ವಾರ ಅಕ್ಕನ ಹಿಂದೆಯೇ ಗಂಡನೂ ಸ್ಟುಡಿಯೊಗೆ ನುಗ್ಗಿದರು. ಇವತ್ತಿಗೆ ಕಾರ್ಯಕ್ರಮದ ಕತೆ ಮುಗಿಯಿತು ಅಂದುಕೊಂಡೆ.

“ಏನ್ಸಾ, ನನ್ ಬುಟ್ಬುಟ್ಟು ಆ ಬಾಮೈದನ ಸುದ್ದಿ ಯಾಕ್ ಯೋಳ್ಸುದ್ರಿ? ಅವನ ಗೊರ್ಕೆ ಕಟ್ಕಂಡು ಯಾರ್ಗೇನಾಗ್ಬೇಕು? ಬಸ್ ಸ್ಟ್ಯಾಂಡಲ್ಲಿ ಒಬ್ನೂ ನನ್ ಮಾತಾಡುಸ್ನಿಲ್ಲ!”

ಅಕ್ಕನ ಕಡೆ ನೋಡಿದೆ. ತುಟಿ ಕಚ್ಚಿ ನಗು ತಡೆದುಕೊಂಡು ಮೈಕಿನ ಮುಂದೆ ಕೂತಿದ್ದರು. ಎರಡೂ ಕೈಗೆ ಕರ್ಚೀಫು ಬಿಗಿದಿತ್ತು.

ಸದ್ದಿಲ್ಲದೆ ಬಟನ್ ಒತ್ತಿ, ಗಂಡನ ಕಡೆ ತಿರುಗಿದೆ.

“ಇನ್ನೊಂದ್ಸಲ ಹೇಳಿ ಅಣ್ಣ, ಸರಿಯಾಗಿ ಕೇಳಿಸ್ಲಿಲ್ಲ.”