ಮುಂಬೈಯಲ್ಲಿ ಕೊಂಡ ಕರಿ ಕೋಟು

ನಮ್ಮಲ್ಲಿ ಇನ್ನೂ ಸಂಸ್ಥಾನದ ಆಳ್ವಿಕೆ ಇದ್ದ ಕಾಲ. ರಬಕವಿಯ ಸೀರೆಗಳನ್ನು ಮುಂಬೈಯ ವ್ಯಾಪಾರಿಗೆ ಮುಟ್ಟಿಸಲು ಮೊದಲ ಸಲ ಆ ಊರಿಗೆ ಹೋಗಿದ್ದೆ. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು, ಪೇಟೆ ಸುತ್ತಲು ಹೊರಟೆ. ಗಡಿಯಾರ, ಅತ್ತರು, ಆಳೆತ್ತರದ ಕನ್ನಡಿ. ಪ್ರತಿ ಅಂಗಡಿಯ ಮುಂದೂ ಕಾಲು ತಾನಾಗಿ ನಿಲ್ಲುತ್ತಿತ್ತು. ಒಂದು ಅಂಗಡಿಯಿಂದ ಮುದುಕ ದರ್ಜಿಯೊಬ್ಬ ನಮ್ಮ ಕಡೆಯ ಮಾತಿನಲ್ಲೇ ಕರೆದ.

“ಬರ್ರಿ, ನಿಮ್ಮ ಕೋಟ ತಯಾರಾಗೇತಿ.”

“ನಾ ಯಾವ ಕೋಟೂ ಹೇಳಿಲ್ರಿ,” ಎಂದೆ.

ಅವನು ನಗುತ್ತ ಕರಿ ಕೋಟೊಂದನ್ನು ತೊಡಿಸಿದ. ಅದು ಅಳತೆ ತೆಗೆದು ಹೊಲಿದಂತೆ ಕೂತಿತು. ಕನ್ನಡಿಯಲ್ಲಿ ನಾನು ಸಾಹುಕಾರನಂತೆ ಕಂಡೆ. ಬಿಚ್ಚಲು ಮನಸ್ಸಾಗಲಿಲ್ಲ.

“ಹೋದ ವಾರ ನೀವ ಬಂದು ಅಳತಿ ಕೊಟ್ಟೀರಿ. ಮನಿಯವರೂ ಸಂಗಾಟ ಇದ್ರಲ್ರೀ. ಹಿತ್ತಾಳಿ ಗುಂಡಿ ಬ್ಯಾಡ, ಕೋಡಿನ ಗುಂಡಿ ಹಚ್ಚರಿ ಅಂದ್ರು. ಹಸರು ಬಳಿ ಹಿಂದ ಸರಿಸಿಕೋತ ಮಾತಾಡ್ತಿದ್ರು.”

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಅವಳು ಜಮಖಂಡಿ ದಾಟಿ ಹೋದವಳಲ್ಲ. ಮಾತಾಡುವಾಗ ಬಳೆ ಸರಿಸುವುದು ಅವಳ ರೂಢಿ. ತಗ್ಗಿ ನೋಡಿದೆ, ಕೋಡಿನ ಗುಂಡಿಗಳೇ.

“ಮತ್ತೇನಂದ್ಲು?” ಎಂದು ಮೆಲ್ಲಗೆ ಕೇಳಿದೆ.

“ಅವರು ಬ್ಯಾಡ ಅಂತಾರ, ಕೇಳಬ್ಯಾಡ್ರಿ, ತೊಡಿಸೇ ಕಳಸ್ರಿ ಅಂದ್ರು.”

ದುಡ್ಡು ಎಣಿಸಿಕೊಟ್ಟು, ಕೋಟು ತೊಟ್ಟುಕೊಂಡೇ ಊರಿಗೆ ಬಂದೆ. ಚೌಕಾಸಿ ಮಾಡಿದೆಯೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಅವಳು ಆರಿಸಿದ ಸಾಮಾನಿಗೆ ಅವಳ ಎದುರು ಚೌಕಾಸಿ ಮಾಡುವ ಧೈರ್ಯ ನನಗೆ ಎಂದೂ ಇರಲಿಲ್ಲ.