ನನ್ನ ತಂಗಿಯ ಮುಖ ತಿದ್ದಿದವನು

ನನ್ನ ತಂಗಿಯನ್ನು ಬೀದಿಯವರೆಲ್ಲ ಕರೆಯುವುದು ದೊರೆಸಾನಿ ಎಂದು. ಕೂತಲ್ಲಿಂದಲೇ ಹುಕುಂ ಹೊರಡಿಸುವವಳಿಗೆ ಇನ್ನೇನು ಹೆಸರಿಡುತ್ತಾರೆ? ವಯಸ್ಸು ಮೂವತ್ತು ದಾಟಿದೆ, ಎತ್ತರ ನನ್ನ ಭುಜಕ್ಕೂ ಬರುವುದಿಲ್ಲ, ಆದರೂ ಮನೆಯಲ್ಲಿ ಅವಳ ಮಾತು ಮೀರಿ ಒಂದು ಲೋಟವೂ ಅಲ್ಲಾಡುವುದಿಲ್ಲ.

ಅವಳಿಗೆ ಡೌನ್ ಸಿಂಡ್ರೋಮ್. ಹುಟ್ಟಿದಾಗ ಮೈಯಲ್ಲಿ ಬಿಗಿಯೇ ಇರಲಿಲ್ಲ, ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದಳು. ಡಾಕ್ಟರಮ್ಮ ಅಮ್ಮನಿಗೆ ಒಂದೊಂದಾಗಿ ತೋರಿಸಿದರಂತೆ: ಹೊರತುದಿ ಮೇಲಕ್ಕೆ ಓರೆಯಾದ ಕಣ್ಣು, ಅದರ ಒಳಮೂಲೆಯಲ್ಲಿ ಸಣ್ಣ ಚರ್ಮದ ಮಡಿಕೆ, ಚಪ್ಪಟೆ ಮೂಗು, ಪುಟ್ಟ ಕಿವಿ, ಗಿಡ್ಡ ಕತ್ತು, ಅಂಗೈಗೆ ಅಡ್ಡವಾಗಿ ಒಂದೇ ಗೆರೆ, ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲವಾದ ಸಂದು. ಇಂಥ ಎಲ್ಲ ಮಕ್ಕಳಲ್ಲೂ ಇವೆಲ್ಲ ಇರಬೇಕೆಂದಿಲ್ಲ, ನಿಮ್ಮ ಮಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇವೆ, ವರ್ಣತಂತು ಒಂದು ಹೆಚ್ಚಿಗೆ ಇರುವುದರಿಂದ ಹೀಗೆ ಎಂದರಂತೆ.

"ಹೆಚ್ಚಿಗೇ ಇದೆ ತಾನೇ? ಕಮ್ಮಿ ಏನಿಲ್ವಲ್ಲ" ಎಂದು ಅಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಪಕ್ಕದ ಮನೆಯವಳು ನೋಡಲು ಬಂದು, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕೊಂಕು ತೆಗೆದಳು. ಅವಳ ಹೊಸಿಲನ್ನು ನಾವು ಇವತ್ತಿಗೂ ತುಳಿದಿಲ್ಲ.

ನಾನು ಹೊಲಿಗೆಯವಳು. ದೊರೆಸಾನಿಗೆ ರೆಡಿಮೇಡ್ ಅಂಗಿ ತೊಡಿಸಿದರೆ ತೋಳು ಬೆರಳನ್ನೂ ಮುಚ್ಚುತ್ತದೆ, ಕಾಲರು ಗಲ್ಲಕ್ಕೆ ಒತ್ತುತ್ತದೆ. ಹಾಗಾಗಿ ಅವಳ ಬಟ್ಟೆಯೆಲ್ಲ ನನ್ನ ಮಿಷನ್ನಿನದೇ. ಮೈ ನೋಡಿ ಬಟ್ಟೆ ಕತ್ತರಿಸಬೇಕು, ಬಟ್ಟೆ ನೋಡಿ ಮೈಯನ್ನಲ್ಲ. ಇಷ್ಟು ಗೊತ್ತಿಲ್ಲದವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನನ್ನ ಪಕ್ಕದಲ್ಲಿ ಕೂತು ಹೊಲಿದದ್ದನ್ನು ಮಡಚುತ್ತ ಮಡಚುತ್ತ ಅವಳಿಗೆ ಆ ಕೆಲಸ ಕೈಗೆ ಹತ್ತಿತು. ಅವಳ ಬೆರಳು ಮೋಟು, ಕಿರುಬೆರಳು ಒಳಕ್ಕೆ ಬಾಗಿದೆ, ಆದರೆ ಆ ಅಗಲ ಅಂಗೈಯಿಂದ ಒಮ್ಮೆ ಒತ್ತಿದಳೆಂದರೆ ಮಡಿಕೆ ಏಳುವುದಿಲ್ಲ. "ಅಕ್ಕ, ನಾನೂ ಕೆಲ್ಸಕ್ಕೆ ಹೋಗ್ಬೇಕು" ಎಂದು ವರ್ಷಗಟ್ಟಲೆ ನನ್ನ ಪ್ರಾಣ ತಿಂದಳು. ಹೋದ ಕಡೆಯೆಲ್ಲ ಮುಖ ನೋಡಿ, ಅಯ್ಯೋ ಪಾಪ ಎಂದು ಬಾಗಿಲಿನಿಂದಲೇ ಕಳಿಸಿದರು. ಅವರ ಪಾಪವನ್ನು ಅವರೇ ಇಟ್ಟುಕೊಳ್ಳಲಿ. ಕೊನೆಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ ಒಂದು ರಾಶಿ ಬೆಡ್‌ಶೀಟು ಮುಂದೆ ಹಾಕಿ, ಮಡಚಿಸಿ ನೋಡಿ, "ಸೋಮವಾರ ಬಾ" ಎಂದಳು. ಆದರೆ ಕಡ್ಡಿ ಮುರಿದಂತೆ ಇನ್ನೊಂದು ಮಾತೂ ಹೇಳಿದಳು: ಅವತ್ತು ಮಧ್ಯಾಹ್ನದ ಊಟದ ಹೊತ್ತಿನೊಳಗೆ ಮಡಚುವ ಮೇಜಿನ ಮುಂದೆ ಇರದಿದ್ದರೆ ಕೆಲಸ ಬೇರೆಯವರಿಗೆ.

ಗುರುತಿನ ಕಾರ್ಡಿಗೆ ಫೋಟೋ ಬೇಕಿತ್ತು. ಆಸ್ಪತ್ರೆ ಎದುರಿನ ಸ್ಟುಡಿಯೋದವನು ತೆಗೆದು ನೇರವಾಗಿ ಗೇಟಿನ ಹೊರಗಿದ್ದ ಆಸ್ಪತ್ರೆ ಕಚೇರಿಗೇ ಕಳಿಸಿದ. ಸೋಮವಾರ ಗೇಟಿನಲ್ಲಿ ಕಾವಲುಗಾರ ಕಚೇರಿಯಿಂದ ಬಂದಿದ್ದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು, ಮುಖಕ್ಕೆ ತಾಳೆ ನೋಡಿ ಒಳಗೆ ಬಿಡುತ್ತಿದ್ದ. ದೊರೆಸಾನಿಯ ಸರದಿ ಬಂದಾಗ ಕಾರ್ಡು ನೋಡಿದ, ಅವಳನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಇದು ಇವರದಲ್ಲಮ್ಮ."

ಇಣುಕಿ ನೋಡಿದೆ. ಹೆಸರು ನನ್ನ ತಂಗಿಯದು. ಮುಖ ಯಾವಳದೋ! ಕಣ್ಣು ನೇರ ಆಗಿತ್ತು, ಮೂಗು ಎದ್ದು ನಿಂತಿತ್ತು, ಕತ್ತು ಉದ್ದ ಆಗಿತ್ತು, ತುಟಿ ಅಂಟು ಹಾಕಿದಂತೆ ಮುಚ್ಚಿತ್ತು. ನಾನು ಹೊಲಿದ ನೀಲಿ ಅಂಗಿ ಮಾತ್ರ ಹಾಗೇ ಇತ್ತು.

"ಇವಳ್ಯಾರು?" ಎಂದಳು ದೊರೆಸಾನಿ.

ಕಾವಲುಗಾರನಿಗೆ ಎಷ್ಟು ಹೇಳಿದರೂ ಅಷ್ಟೇ. ಮುಖ ತಾಳೆ ಆಗದೆ ಒಳಗೆ ಬಿಟ್ಟರೆ ಅವನ ಕೆಲಸ ಹೋಗುತ್ತದಂತೆ. ಸರಿ, ಅವಳ ಕೈ ಹಿಡಿದು ರಸ್ತೆ ದಾಟಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸ್ಟುಡಿಯೋದವನು ನಗುತ್ತಲೇ ಬರಮಾಡಿಕೊಂಡ. "ಹೆಂಗೆ ಬಂದಿದೆ ಅಕ್ಕ? ನಾನು ಯಾರದನ್ನೂ ಹಂಗಂಗೇ ಕೊಡಲ್ಲ. ಕಲೆ ತೆಗೀತೀನಿ, ಬಣ್ಣ ಏರಿಸ್ತೀನಿ. ಇವರದಕ್ಕಂತೂ ಅರ್ಧ ದಿನ ಕೂತಿದ್ದೆ."

"ಯಾರಪ್ಪಾ ನಿನಗೆ ಕೂರು ಅಂದೋರು? ಅವಳ ಮುಖದಲ್ಲಿ ಏನು ಹಾಳಾಗಿತ್ತು ಅಂತ ರಿಪೇರಿ ಮಾಡಿದೆ?"

"ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣಕ್ಕ…"

"ನಿನ್ನ ಒಳ್ಳೇದಕ್ಕೆ ಬೆಂಕಿ ಹಾಕ! ಅವಳ ಕೆಲಸ ಹೋಗ್ತಾ ಇದೆ ಅಲ್ಲಿ!"

ಅವನ ನಗು ಇಳಿಯಿತು. ಬೇಗ ಬೇಗ ದೀಪ ಹಾಕಿದ. ದೊರೆಸಾನಿ ಹೋಗಿ ಸ್ಟೂಲಿನ ಮೇಲೆ ಕೂತಳು. ಕ್ಯಾಮರಾ ಹಿಡಿದದ್ದೇ ತಡ, ಅವನ ಹಳೇ ಚಾಳಿ ಶುರುವಾಯಿತು. "ಸ್ವಲ್ಪ ಕತ್ತು ಎತ್ತಮ್ಮ. ಕಣ್ಣು ದೊಡ್ಡದು ಮಾಡು. ನಾಲಗೆ ಒಳಗಿಟ್ಕೊ."

"ಬಾಯಿ ಚಿಕ್ಕದು, ನಾಲಗೆ ಎಲ್ಲಿಡ್ಲಿ?" ಎಂದಳು ಅವಳು. "ನಾನು ಕೂತಿದೀನಿ. ನೀನು ತೆಗಿ."

ತೆಗೆದ. ಅವನು ಮತ್ತೆ ತಿದ್ದಲು ಮೌಸಿಗೆ ಕೈ ಹಾಕದ ಹಾಗೆ ನಾನು ಕಂಪ್ಯೂಟರ್ ಪಕ್ಕದಲ್ಲೇ ಯಮನಂತೆ ನಿಂತಿದ್ದೆ. ಫೋಟೋ ಬಂತು. ಓರೆ ಕಣ್ಣು, ಚಪ್ಪಟೆ ಮೂಗು, ತುಟಿಯ ನಡುವೆ ನಾಲಗೆಯ ತುದಿ, ಗಿಡ್ಡ ಕತ್ತಿನ ಮೇಲೆ ಜಗತ್ತನ್ನೇ ಗದರಿಸುವ ಮುಖ. ಎಷ್ಟು ಚೆಂದ ಇದ್ದಳು ಗೊತ್ತಾ! ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಕಚೇರಿಗೆ ಓಡಿ ಹೊಸ ಕಾರ್ಡು ಮಾಡಿಸಿ ಗೇಟಿಗೆ ಬಂದಾಗ ಒಳಗೆ ಆಗಲೇ ಊಟದ ತಟ್ಟೆಗಳ ಸದ್ದು ಶುರುವಾಗಿತ್ತು. ಕಾವಲುಗಾರ ಕಾರ್ಡನ್ನು ಅವಳ ಕೆನ್ನೆಯ ಪಕ್ಕ ಹಿಡಿದ.

"ಹಾಂ, ಇದು ನೀವೇ. ಹೋಗಿ, ಬೇಗ ಹೋಗಿ" ಎಂದವನು ಹಳೆಯ ಕಾರ್ಡನ್ನೂ ಅವಳತ್ತ ಚಾಚಿದ. "ಇದನ್ನೂ ಮನೇಲಿಟ್ಕೊಳ್ಳಿ. ಇದರಲ್ಲಿ ಚೆನ್ನಾಗಿ ಬಂದಿದೀರ."

ದೊರೆಸಾನಿ ಹೊಸ ಕಾರ್ಡನ್ನು ಕೊರಳಿಗೆ ಹಾಕಿಕೊಂಡಳು. ಹಳೆಯದನ್ನು ಮುಟ್ಟಲಿಲ್ಲ.

"ಅವಳು ಬೇಡ" ಎಂದಳು. "ಅವಳಿಗೆ ಬೆಡ್‌ಶೀಟ್ ಮಡಚೋಕೆ ಬರಲ್ಲ."

ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.